ಬಿಕ್ಕಲಂ ಯಾರದು?

ಕಳೆದ ವರ್ಷ ನನ್ನ ತಾಯಿಯ ತವರಿನ ಕಡೆಯ ಒಂದು ಎಕರೆ ಚಿಲ್ಲರೆ ಜಮೀನಿನ ಪಹಣಿ ತೆಗೆಸಿದಾಗ ತಾತನ ಹೆಸರಿನ ಮೊದಲ ಅಕ್ಷರಕ್ಕೆ ಇರಬೇಕಾದ ಕೊಂಬು ಕಾಣಲಿಲ್ಲ. ಕೋಲಾರ, ಚಿಂತಾಮಣಿ, ಮುಳಬಾಗಿಲು ಸೀಮೆಯ ಯಾವ ಹಳ್ಳಿಯ ಬೀದಿಯಲ್ಲಿ ನಿಂತು 'ಮುನಿ' ಎಂದು ಕೂಗಿದರೂ ನಾಲ್ಕು ಮನೆಗಳಿಂದ ಓಗೊಡುತ್ತಾರೆ. ನಮ್ಮ ತಾತನ ಹೆಸರೂ ಹಾಗೆ ಮೊದಲಾಗುವಂಥದೇ. ಪಹಣಿಯಲ್ಲಿ ಮುನಿ ಹೋಗಿ ಮನಿ ಆಗಿತ್ತು. ಜೀವಮಾನವಿಡೀ ಕಾಸಿಗೆ ಪರದಾಡಿದವರಿಗೆ ಸತ್ತ ಮೇಲಾದರೂ ಇಂಗ್ಲಿಷಿನ ದುಡ್ಡು ಬಂತಲ್ಲ ಎಂದು ಮನೆಯಲ್ಲಿ ಎಲ್ಲರೂ ನಕ್ಕೆವು. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವ ಪೌತಿ ಖಾತೆ ಮಾಡಿಸಲು ಹೋದಾಗ ನಗು ನಿಂತಿತು. ಮರಣ ಪ್ರಮಾಣಪತ್ರದಲ್ಲಿರುವ ಮುನಿಯೂ ಪಹಣಿಯಲ್ಲಿರುವ ಮನಿಯೂ ಒಬ್ಬರೇ ಎಂದು ಅಫಿಡವಿಟ್ಟು ಮಾಡಿಸಿ, ಹಳೆಯ ಕೈಬರಹದ ಪಹಣಿಯ ನಕಲು ತೆಗೆಸಿ, ತಿದ್ದುಪಡಿಗೆ ಅರ್ಜಿ ಹಾಕಬೇಕೆಂದರು. ಕಚೇರಿಯ ಹೆಸರು ಇಲ್ಲಿ ಬೇಡ. ಅಲ್ಲಿದ್ದವರು ಯಾರೂ ನನ್ನೊಡನೆ ಒರಟಾಗಿ ನಡೆದುಕೊಳ್ಳಲಿಲ್ಲ. ಈ ತಪ್ಪು ಯಾವಾಗ ಆದದ್ದು, ಯಾರಿಂದ ಆದದ್ದು ಎಂದು ಕೇಳಿದ್ದಕ್ಕೆ ಕಂಪ್ಯೂಟರಿನ ಮುಂದಿದ್ದ ಹುಡುಗ ನಿಜಕ್ಕೂ ಗೊಂದಲಗೊಂಡು, "ಯಾರ ತಪ್ಪು ಅಂತ ಹೇಳಲಿ ಸಾರ್? ಸಿಸ್ಟಂನಲ್ಲೇ ಹಂಗೆ ಬಂದೈತೆ" ಎಂದ.

ಹಳೆಯ ಕೈಬರಹದ ಪಹಣಿಯಲ್ಲಿ ಕೊಂಬು ಇತ್ತು. ಶಾನುಭೋಗರ ಕಾಲದ ಅಕ್ಷರದ ಜಾಡಿನಲ್ಲೇ ಗ್ರಾಮಲೆಕ್ಕಿಗರು ಬರೆದ, ಅರ್ಧ ಮಾಸಿದ ಆ ಸಾಲಿನಲ್ಲಿ ಮ-ಕಾರದ ಬಲಕ್ಕೆ ಕೊಂಬು ದಪ್ಪಗೆ ಇಳಿದಿತ್ತು. ಅಂದರೆ ಅದು ಬಿದ್ದುಹೋದದ್ದು ಕಾಗದದಿಂದ ಕಂಪ್ಯೂಟರಿಗೆ ದಾಟುವ ಹಾದಿಯಲ್ಲಿ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳನ್ನು ಬೆರಳಚ್ಚು ಮಾಡಿ ಯಂತ್ರಕ್ಕೆ ಏರಿಸಿದರು. ಅಷ್ಟು ದೊಡ್ಡ ರಾಶಿಯಲ್ಲಿ ಒಂದು ಕೊಂಬು ಉದುರಿದ್ದು ಆಶ್ಚರ್ಯವಲ್ಲ, ದೂರುವಂಥದ್ದೂ ಅಲ್ಲ. ಪಹಣಿಗಾಗಿ ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯುತ್ತಿದ್ದ ದಿನಗಳನ್ನು ಕಂಡವನು ನಾನು. ಅದು ಮರಳಿ ಬರಲಿ ಎಂದು ಕನಸಿನಲ್ಲಿಯೂ ಬಯಸಲಾರೆ. ಆದರೂ ಆ ಹುಡುಗನ ಮಾತು ತಿಂಗಳುಗಟ್ಟಲೆ ನನ್ನನ್ನು ಬಿಡಲಿಲ್ಲ. ಒಂದು ಬರಹದಲ್ಲಿ ತಪ್ಪಿದೆ, ಅದನ್ನು ಬರೆದವರು ಮಾತ್ರ ಯಾರೂ ಇಲ್ಲ! ದಸ್ತಾವೇಜು ಬರಹಗಾರರ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ತೀರ ವಿಚಿತ್ರವಾಗಿ ಕೇಳಿಸಿತು.

ತಗಡಿನ ಚಪ್ಪರದ ಕೆಳಗೆ

ಅಪ್ಪ ಚಿಂತಾಮಣಿಯಲ್ಲಿ ಪರವಾನಗಿ ಪಡೆದ ಪತ್ರ ಬರಹಗಾರರಾಗಿದ್ದರು. ತಗಡಿನ ಚಪ್ಪರ, ಅದರಡಿಯಲ್ಲಿ ಒಂದು ಚಾಪೆ, ಚಾಪೆಯ ಮೇಲೆ ಇಳಿಜಾರಾದ ಮುಚ್ಚಳವಿದ್ದ ಮರದ ಡೆಸ್ಕು, ಪಕ್ಕದಲ್ಲಿ ಕಕ್ಷಿದಾರರಿಗೆ ಒಂದು ಬೆಂಚು, ಇಷ್ಟೇ ಅವರ ಆಫೀಸು. ಡೆಸ್ಕಿನೊಳಗೆ ಬ್ಲೂಬ್ಲ್ಯಾಕ್ ಇಂಕಿನ ಬಾಟಲಿ, ಬ್ಲಾಟಿಂಗ್ ಪೇಪರು, ಹೆಬ್ಬೆಟ್ಟಿಗೆ ಮಸಿಯ ಪ್ಯಾಡು, ಹೆಬ್ಬೆಟ್ಟು ಒರೆಸಿಕೊಳ್ಳಲು ಹಳೆಯ ಪಂಚೆಯ ತುಂಡು ಇರುತ್ತಿದ್ದವು. ಇಂಕಿನ ವಿಷಯದಲ್ಲಿ ಅಪ್ಪ ಬಹಳ ಕಟ್ಟುನಿಟ್ಟು. ನಾವು ಶಾಲೆಯಲ್ಲಿ ಬಳಸುತ್ತಿದ್ದ ರಾಯಲ್ ಬ್ಲೂ ನೀರು ಬಿದ್ದರೆ ಹರಿದುಹೋಗುತ್ತದೆ. ಹಳೆಯ ಬಗೆಯ ಬ್ಲೂಬ್ಲ್ಯಾಕಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ಬರೆಯುವಾಗ ನೀಲಿಯಾಗಿ ಕಂಡ ಅಕ್ಷರ ಗಾಳಿ ತಾಗಿ ದಿನ ಕಳೆದಂತೆ ಕಪ್ಪಾಗಿ ಕಾಗದವನ್ನು ಕಚ್ಚಿ ಹಿಡಿಯುತ್ತದೆ. ಈ ರಸಾಯನ ಅಪ್ಪನಿಗೆ ತಿಳಿದಿರಲಿಲ್ಲ. "ಇದು ಹಳೇದಾದಷ್ಟೂ ಕಪ್ಪಾಗುತ್ತೆ, ಅದು ಹಳೇದಾದಷ್ಟೂ ಬೆಳ್ಳಗಾಗುತ್ತೆ" ಎಂಬಷ್ಟು ಮಾತ್ರ ಗೊತ್ತಿತ್ತು, ಕಸುಬಿಗೆ ಅಷ್ಟು ಸಾಕಾಗಿತ್ತು.

ಕ್ರಯಪತ್ರ, ಭೋಗ್ಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು, ಹಕ್ಕು ಬಿಡುಗಡೆ ಪತ್ರ, ಯಾವುದೇ ಇರಲಿ, ಮೊದಲು ಯಾವುದಾದರೂ ಹಳೆಯ ಮದುವೆ ಕರೆಯೋಲೆಯ ಹಿಂಬದಿಯ ಮೇಲೋ ನೋಟೀಸಿನ ಬೆನ್ನ ಮೇಲೋ ಪೆನ್ಸಿಲಿನಲ್ಲಿ ಕರಡು ತಯಾರಾಗುತ್ತಿತ್ತು. ಛಾಪಾ ಕಾಗದ ದುಡ್ಡು ಕೊಟ್ಟು ತಂದದ್ದು, ಅದರ ಮೇಲೆ ಯೋಚಿಸಿಕೊಂಡು ಕೂರುವಂತಿರಲಿಲ್ಲ. ಯೋಚನೆ, ಚೌಕಾಸಿ, ಅಣ್ಣತಮ್ಮಂದಿರ ಜಗಳ ಎಲ್ಲವೂ ಕರಡಿನಲ್ಲೇ ಮುಗಿಯಬೇಕು. ಆಮೇಲೆ ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡು ಬಾರಿ ಗಂಟಲು ಸರಿಪಡಿಸಿಕೊಂಡು ಶುದ್ಧಪ್ರತಿಗೆ ತೊಡಗಿದರೆಂದರೆ ಬೆಂಚಿನ ಮೇಲಿದ್ದವರು ತಾವಾಗಿಯೇ ದನಿ ತಗ್ಗಿಸುತ್ತಿದ್ದರು. 'ಬರೆಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ' ಎಂದು ಆರಂಭವಾದ ವಾಕ್ಯ ಸರ್ವೆ ನಂಬರು, ಎಕರೆ ಗುಂಟೆ, ಖರಾಬು, ಮೊಬಲಗು, ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿ ಎಲ್ಲವನ್ನೂ ಬಳಸಿಕೊಂಡು, ಎಲ್ಲಿಯೂ ಪೂರ್ಣವಿರಾಮದ ಹಂಗಿಲ್ಲದೆ, ಮೂರನೆಯ ಹಾಳೆಯಲ್ಲಿ ಎಲ್ಲೋ ನಿಲ್ಲುತ್ತಿತ್ತು. ನನಗೆ ಉದ್ದನೆಯ ವಾಕ್ಯಗಳ ಚಪಲ ಅಂಟಿಕೊಂಡದ್ದು ಅಲ್ಲಿಂದಲೇ ಇರಬೇಕು.

ಪತ್ರ ಕನ್ನಡದಲ್ಲಿ, ಬರೆಸಿಕೊಡುವವರ ಮನೆಮಾತು ಬಹುಪಾಲು ತೆಲುಗು. ಹೀಗಾಗಿ ಬರೆದು ಮುಗಿದ ಮೇಲೆ ಅಪ್ಪ ಇಡೀ ಪತ್ರವನ್ನು ಒಂದು ಸಾಲು ಕನ್ನಡದಲ್ಲಿ ಓದಿ, ಅದೇ ಸಾಲನ್ನು ತೆಲುಗಿನಲ್ಲಿ ಹೇಳಿ, "ಅಂತಾ ವಿನ್ನಾವಾ?" ಎಂದು ಬರೆಸಿಕೊಡುವವರ ಮುಖ ನೋಡುತ್ತಿದ್ದರು. 'ಓದಿ ಹೇಳಲಾಗಿ ಕೇಳಿ ಒಪ್ಪಿ' ಎಂದು ಪತ್ರದ ಕೊನೆಯಲ್ಲಿ ಬರೆಯುವ ಸಾಲು ಅವರ ಪಾಲಿಗೆ ಬರಿಯ ರಿವಾಜಾಗಿರಲಿಲ್ಲ. ಒಮ್ಮೆ ಹೀಗೆ ಓದುತ್ತಿರುವಾಗ ಒಬ್ಬ ಮುದುಕಿ ನಡುವೆ ಕೈ ಎತ್ತಿ, ಪಶ್ಚಿಮಕ್ಕೆ ಇರುವುದು ಬಾವಿಯಲ್ಲ, ಬಾವಿ ಬತ್ತಿ ಮುಚ್ಚಿ ಮೂರು ವರ್ಷವಾಯಿತು, ಈಗ ಅಲ್ಲಿ ಹುಣಸೆಮರವೊಂದೇ ಇರುವುದು ಎಂದಳು. ಬರೆದಾಗಿತ್ತು, ಹಾಳೆ ಛಾಪಾ ಕಾಗದದ್ದು. ಅಪ್ಪ 'ಬಾವಿ' ಎಂಬ ಪದದ ಮೇಲೆ ಒಂದೇ ಒಂದು ಗೆರೆ ಎಳೆದರು, ಕೆಳಗಿನ ಪದ ಸ್ಪಷ್ಟವಾಗಿ ಓದುವಂತೆಯೇ ಇತ್ತು; ಮೇಲೆ ಚಿಕ್ಕದಾಗಿ 'ಹುಣಸೆಮರ' ಎಂದು ಬರೆದರು. ಅಂಚಿನಲ್ಲಿ ಮುದುಕಿಯ ಹೆಬ್ಬೆಟ್ಟು ಒತ್ತಿಸಿದರು. ಆಮೇಲೆ ಪತ್ರದ ಕೊನೆಗೆ ಹೋಗಿ, 'ಈ ಪತ್ರದಲ್ಲಿ ಹೊಡೆದುಹಾಕಿದ್ದು ಒಂದು, ಸೇರಿಸಿದ್ದು ಒಂದು' ಎಂದು ಷರಾ ಬರೆದರು. ತಿದ್ದು, ಅಳಿಸಿದ ಗುರುತು, ಖಾಲಿ ಜಾಗ, ಸಾಲಿನ ನಡುವೆ ತೂರಿಸಿದ ಪದ ಇದ್ದರೆ ಬರೆಸಿಕೊಟ್ಟವರು ಅದಕ್ಕೆ ರುಜು ಹಾಕಿರಬೇಕು, ಇಲ್ಲವಾದರೆ ಪತ್ರವನ್ನು ನೋಂದಾಯಿಸದಿರಬಹುದು ಎಂದು 1908ರ ನೋಂದಣಿ ಕಾಯ್ದೆಯ 20ನೆಯ ಪ್ರಕರಣ ಹೇಳುತ್ತದೆ. ಎಣಿಸಿ ಷರಾ ಬರೆಯುವುದು ಅಪ್ಪನ ಪದ್ಧತಿ; ಏನೂ ತಿದ್ದದಿದ್ದರೆ 'ಹೊಡೆದುಹಾಕಿದ್ದು ಇಲ್ಲ, ಸೇರಿಸಿದ್ದು ಇಲ್ಲ' ಎಂದೂ ಬರೆಯುತ್ತಿದ್ದರು. ಅದರ ಕೆಳಗೆ, ಎಲ್ಲಕ್ಕಿಂತ ಕೊನೆಯಲ್ಲಿ, 'ಬಿಕ್ಕಲಂ' ಎಂದು ಬರೆದು ತಮ್ಮ ರುಜು.

ಬಿಕ್ಕಲಂ ಎಂದರೆ 'ಇಂಥವರ ಲೇಖನಿಯಿಂದ' ಎಂದು. ಕಲಂ ಎಂದರೆ ಲೇಖನಿ. ಪಾರಸಿ ಆಡಳಿತ ಭಾಷೆಯಾಗಿದ್ದ ಕಾಲದಿಂದ ನಮ್ಮ ಕಚೇರಿಗಳಲ್ಲಿ ಉಳಿದುಕೊಂಡ ಮಾತು. ದಸ್ತಾವೇಜು ಎಂಬುದೂ ಹಾಗೆಯೇ ಬಂದದ್ದು, ಅದರೊಳಗಿನ 'ದಸ್ತ್' ಎಂದರೆ ಪಾರಸಿಯಲ್ಲಿ ಕೈ. ಪತ್ರದ ಹೆಸರಿನಲ್ಲಿ ಕೈ, ಪತ್ರದ ಕೊನೆಯಲ್ಲಿ ಲೇಖನಿ.

ಕಲ್ಲಿನಿಂದ ಕಡತಕ್ಕೆ

ಅಪ್ಪ ಬರೆಯುತ್ತಿದ್ದ ಕ್ರಯಪತ್ರಗಳಲ್ಲಿ ನನಗೆ ಬಾಲ್ಯದಿಂದಲೂ ಬಾಯಿಪಾಠವಾಗಿದ್ದ ಒಂದು ತುಣುಕಿದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ. ಎರಡು ಗುಂಟೆ ಕಲ್ಲುಭೂಮಿ ಮಾರುವವರೂ ಹೂತಿಟ್ಟ ನಿಧಿಯ ಸಮೇತ ಮಾರುತ್ತಿದ್ದರು. ಇದು ಅಪ್ಪನ ಅಲಂಕಾರವೆಂದೇ ನಾನು ಬಹುಕಾಲ ತಿಳಿದಿದ್ದೆ. ಕಾಲೇಜಿನ ದಿನಗಳಲ್ಲಿ ಗ್ರಂಥಾಲಯದಲ್ಲಿ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟ ಕೈಗೆ ಸಿಕ್ಕಿತು. 1905ರಲ್ಲಿ ಬಂದ ಆ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದು; ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಚಿಂತಾಮಣಿಯೂ ಅದರಲ್ಲಿ ಸೇರಿದೆ. ವಿಜಯನಗರದ ಕಾಲದ ದಾನಶಾಸನಗಳಲ್ಲಿ ಇದೇ ನಿಧಿ ನಿಕ್ಷೇಪಗಳು ಇದೇ ಸಾಲಿನಲ್ಲಿ ನಿಂತಿರುವುದನ್ನು ಕಂಡು ಬೆರಗಾದೆ. ಕಲ್ಲಿನಲ್ಲಿ ಕೊರೆದದ್ದು, ತಾಮ್ರದಲ್ಲಿ ಕೆತ್ತಿದ್ದು, ನಮ್ಮಪ್ಪನ ಇಂಕಿನ ಪೆನ್ನಿಗೆ ಬಂದು ಕೂತಿತ್ತು. ಇಂದಿಗೂ ಡಿಟಿಪಿ ಅಂಗಡಿಗಳ ಕಂಪ್ಯೂಟರಿನಲ್ಲಿ ಕ್ರಯಪತ್ರದ ಸಿದ್ಧ ನಮೂನೆಯನ್ನು ತೆರೆದರೆ ಅದೇ ಅಷ್ಟಭೋಗಗಳು ಸಾಲಾಗಿ ಕಾಣುತ್ತವೆ. ಇನ್ನೂ ಒಂದು ಸಂಗತಿ: ಕೃಷ್ಣದೇವರಾಯನ ಎಷ್ಟೋ ತಾಮ್ರಶಾಸನಗಳ ಕೊನೆಯಲ್ಲಿ ಅದನ್ನು ರಚಿಸಿದ ಸಭಾಪತಿಯ ಹೆಸರೂ ಕೆತ್ತಿದ ವೀರಣಾಚಾರ್ಯನ ಹೆಸರೂ ಇರುತ್ತವೆ. ಚಕ್ರವರ್ತಿಯ ದಾನಕ್ಕೂ ಬಿಕ್ಕಲಂ ಬೇಕಾಗಿತ್ತು.

ಬರೆಯುವ ಸಾಮಾನುಗಳು ಬದಲಾದಾಗ ನಮ್ಮ ಭಾಷೆ ಹಳೆಯ ಹೆಸರನ್ನು ಎಸೆಯುವ ಗೋಜಿಗೆ ಹೋಗಿಲ್ಲ. ತಾಳೆಗರಿಯ ಓಲೆ ಹೋಗಿ ಮದುವೆಯ ಕರೆಯೋಲೆಯಾಯಿತು, ಈಗ ಮಿಂಚೋಲೆಯೂ ಆಗಿದೆ. ಮರದಿಂದ ಬಿದ್ದ ಅಡಿಕೆಯ ಹಾಳೆಯೂ ನೋಟ್‌ಬುಕ್ಕಿನ ಹಾಳೆಯೂ ಒಂದೇ ಪದ. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಕಡತ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಕಪ್ಪು ಹಲಗೆಯಂತೆ ಗಡುಸು ಮಾಡಿ, ಪದರ ಪದರವಾಗಿ ಮಡಿಸಿ, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಶಾನುಭೋಗರ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಇವು ಇರುತ್ತಿದ್ದವು. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಈಗ ಕಡತವೆಂದರೆ ಸರ್ಕಾರಿ ಕಚೇರಿಯ ದಾರ ಕಟ್ಟಿದ ಫೈಲು. ಕಂಪ್ಯೂಟರನ್ನು ಕನ್ನಡಕ್ಕೆ ತಂದವರು ಅದರ ಫೈಲಿಗೂ ಕಡತವೆಂದೇ ಹೆಸರಿಟ್ಟರು. ನಡುವಿನ ಕಾಗದದ ಫೈಲಿಗಿಂತ ಕಂಪ್ಯೂಟರಿನ ಫೈಲಿಗೇ ಆ ಹಳೆಯ ಹೆಸರು ಹೆಚ್ಚು ಒಪ್ಪುತ್ತದೆ ಎಂದು ನನ್ನ ಎಣಿಕೆ, ಏಕೆಂದರೆ ಎರಡರಲ್ಲಿಯೂ ಅಳಿಸಿದ ಗುರುತು ಉಳಿಯುವುದಿಲ್ಲ. ಆದರೆ ಬಟ್ಟೆಯ ಕಡತ ಅದರ ಒಡೆಯನ ಕೋಣೆಯಲ್ಲೇ ಇರುತ್ತಿತ್ತು, ಅದರ ಮೇಲಿನ ಬಳಪ ಯಾರದೆಂದು ಊರಿಗೇ ಗೊತ್ತಿತ್ತು.

ಒಡಲು ಬೇರೆ, ತಲೆಕಟ್ಟು ಬೇರೆ

ಪಿಯುಸಿ ಮುಗಿದ ಬೇಸಿಗೆಯಲ್ಲಿ ಅಪ್ಪ ನನ್ನನ್ನು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದರು. ಜೂನಿಯರ್ ಪಾಸಾದೆ, ಸೀನಿಯರ್‌ನಲ್ಲಿ ವೇಗ ಸಾಲದೆ ಒಮ್ಮೆ ಫೇಲಾಗಿ ಮತ್ತೆ ಕಟ್ಟಿದೆ. ಕನ್ನಡದ ಟೈಪ್‌ರೈಟರಿಗೆ ಕೀಲಿಮಣೆ ರೂಪಿಸಿದವರು ಅನಂತ ಸುಬ್ಬರಾವ್. ಇಷ್ಟು ಕಾಗುಣಿತ, ಇಷ್ಟು ಒತ್ತಕ್ಷರಗಳ ಲಿಪಿಯನ್ನು ಇಂಗ್ಲಿಷಿಗಾಗಿ ಮಾಡಿದ ಯಂತ್ರದೊಳಗೆ ಕೂರಿಸಿದ್ದು ಸಾಮಾನ್ಯ ಸಾಹಸವಲ್ಲವೆಂದು ಬೆರಳು ನೋಯಿಸಿಕೊಂಡವರೆಲ್ಲ ಒಪ್ಪುತ್ತಾರೆ. ಅಕ್ಷರವನ್ನು ಅಲ್ಲಿ ತುಂಡು ತುಂಡಾಗಿ ಕಟ್ಟಬೇಕಾಗಿತ್ತು. ಅರ್ಕಾವತ್ತು ಹೊಡೆಯಬೇಕಾದ ಕಡೆ ಕನ್ನಡದ ಅಂಕಿ ಒಂಬತ್ತನ್ನು ಹೊಡೆದು 'ಕಾಯ೯ಕ್ರಮ' ಎಂದು ಮುಗಿಸುವ ಉಪಾಯ ಕಲಿತದ್ದು ಆ ದಿನಗಳಲ್ಲಿ. ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ಇದೇ ನಂಟು. ಕೈಬರಹದಲ್ಲಾಗಲಿ ಟೈಪ್‌ರೈಟರಿನಲ್ಲಾಗಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಓದುವವನು ಮನುಷ್ಯನಾಗಿರುವವರೆಗೆ. ಇಂದು ಮೊಬೈಲಿನಲ್ಲಿ ಯಾರಾದರೂ 'ಕಾಯ೯ಕ್ರಮ' ಎಂದು ಬರೆದರೆ ಯಂತ್ರ ಅದನ್ನು ಕಾಯ, ಒಂಬತ್ತು, ಕ್ರಮ ಎಂದೇ ತಿಳಿಯುತ್ತದೆ. ಆಮೇಲೆ ಆ ಪದವನ್ನು ಹುಡುಕಿದರೆ ಸಿಕ್ಕುವುದಿಲ್ಲ.

ಆಮೇಲೆ ಕಂಪ್ಯೂಟರು ಬಂತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತ್ತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಿಗೆಲ್ಲ ಹೊಕ್ಕಿತು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಕ ಬೇಕಾದರೆ ಇಂಗ್ಲಿಷಿನ ಕೆ, ಕೊಂಬು ಬೇಕಾದರೆ ಯು, ಒತ್ತು ಕೊಡಲು ನಡುವೆ ಎಫ್ ಎಂಬ ಕೊಂಡಿ. ಟೈಪ್‌ರೈಟರಿನಲ್ಲಿ ಎರಡು ವರ್ಷ ಹೆಣಗಿದ್ದ ನನಗೆ ಇದು ಎರಡು ದಿನದಲ್ಲಿ ಕೈಗೆ ಹತ್ತಿತು. ಅಪ್ಪನ ಚಪ್ಪರದಿಂದ ನಾಲ್ಕು ಹೆಜ್ಜೆ ದೂರದ ಮಳಿಗೆಯಲ್ಲಿ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರು, ಒಂದು ಡಾಟ್‌ಮ್ಯಾಟ್ರಿಕ್ಸ್ ಪ್ರಿಂಟರು ಇಟ್ಟುಕೊಂಡು ಕೂತೆ. ತಾತನ ಹೆಸರಿನ ಕೊಂಬೂ ಬಹುಶಃ ನನ್ನಂಥ ಹುಡುಗನೊಬ್ಬ ಸಂಜೆಯ ಹೊತ್ತು, ಕಣ್ಣು ಉರಿಯುತ್ತಿರುವಾಗ, ಯು ಕೀಲಿಯನ್ನು ಒತ್ತಿದೆನೆಂದುಕೊಂಡು ಒತ್ತದೆ ಹೋದದ್ದರಿಂದ ಬಿದ್ದುಹೋಗಿರಬೇಕು. ಕಚೇರಿಯಲ್ಲಿ ನಾನು ಯಾರ ಮೇಲೂ ರೇಗದೆ ಬಂದದ್ದಕ್ಕೆ ಇದೇ ಕಾರಣ.

ಆ ಕಾಲದ ನುಡಿ ಅಕ್ಷರಗಳ ಒಳಗುಟ್ಟು ನನಗೆ ತಿಳಿದದ್ದು ತೀರ ಈಚೆಗೆ, ಹಳೆಯ ಸಿಡಿಯೊಂದರಲ್ಲಿದ್ದ ಪತ್ರಗಳನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದಾಗ. ತೆರೆಯ ತುಂಬ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ತಲೆಯ ಮೇಲೆ ಗೀರು ಚುಕ್ಕಿಗಳಿರುವ ಫ್ರೆಂಚರ ಅಕ್ಷರಗಳೂ ಗಜಿಬಿಜಿಯಾಗಿ ಹರಡಿಕೊಂಡವು. ಯಂತ್ರದೊಳಗೆ ಕನ್ನಡವೆಂಬುದು ಇರಲೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಚಿತ್ರದಂತೆ ಕೂರಿಸಿದ್ದರು. ಕ ಎಂಬ ಅಕ್ಷರಕ್ಕೆ ಒಡಲು ಒಂದು ಚೂರು, ತಲೆಕಟ್ಟು ಇನ್ನೊಂದು ಚೂರು. ಅಕ್ಷರವಿನ್ಯಾಸ ಇಲ್ಲದ ಕಡೆ ಚಿತ್ರ ಕಳಚಿ ಹಿಂದಿನ ಇಂಗ್ಲಿಷ್ ಬಯಲಾಗುತ್ತಿತ್ತು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರದೇ ಜಾಗವಿದ್ದರೂ, ಅದು ನಮ್ಮ ಬೀದಿಯ ಡಿಟಿಪಿ ಅಂಗಡಿಗಳಿಗೆ ತಲುಪುವಷ್ಟರಲ್ಲಿ ಎರಡು ದಶಕ ಕಳೆದಿತ್ತು. ಯೂನಿಕೋಡಿನಲ್ಲಿ ಅಕ್ಷರ ಇರುವುದು ನಾವು ಉಚ್ಚರಿಸುವ ಕ್ರಮದಲ್ಲಿ. 'ಧರ್ಮ' ಎಂಬಲ್ಲಿ ಕೈಯಿಂದ ಬರೆಯುವಾಗ ಅರ್ಕಾವತ್ತು ಮ-ಕಾರದ ನಂತರ ಬಂದರೆ, ಯಂತ್ರದಲ್ಲಿ ರ-ಕಾರ ಮೊದಲು, ಮ ಆಮೇಲೆ. ತಲೆಕಟ್ಟು ಬೇರೆ ಮಾಡಿ ಬರೆಯುತ್ತಿದ್ದ ನುಡಿ ಬರೆಯುವ ಕೈಗೆ ಹತ್ತಿರವಾಗಿತ್ತು, ಯೂನಿಕೋಡು ಆಡುವ ಬಾಯಿಗೆ ಹತ್ತಿರ. ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವಾಗ ಅರ್ಕಾವತ್ತುಗಳು ಅಕ್ಕಪಕ್ಕಕ್ಕೆ ಜಾರಿ ಬೀಳುವುದನ್ನು ಆ ಕೆಲಸ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಉತ್ತರಕ್ಕೆ ಓಣಿ

ಈಗ ನನ್ನದೇ ತಪ್ಪಿಗೆ ಬರುತ್ತೇನೆ. ಅಪ್ಪನ ಬಲಗೈ ನಡುಗಲು ಆರಂಭವಾದ ಮೇಲೆ ಪತ್ರಗಳನ್ನು ನಾನು ಟೈಪು ಮಾಡುವುದು, ಅವರು ಓದಿ ಹೇಳಿ ಬಿಕ್ಕಲಂ ಹಾಕುವುದು ಎಂದಾಯಿತು. ನಕಲಿ ಛಾಪಾ ಕಾಗದದ ಹಗರಣದ ನಂತರ ಹಳೆಯ ಛಾಪಾ ಕಾಗದಗಳೂ ಹೋಗಿದ್ದವು, ಬಿಳಿಯ ಡಾಕ್ಯುಮೆಂಟ್ ಶೀಟಿನ ಮೇಲೆ ಪ್ರಿಂಟು ತೆಗೆಯುತ್ತಿದ್ದೆವು. ಒಂದು ವಾರದಲ್ಲಿ ಒಂದೇ ಊರಿನ ಎರಡು ಕ್ರಯಪತ್ರಗಳು ಬಂದವು. ಮೊದಲನೆಯದನ್ನು ತೆರೆದು, ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಬರೆಸಿಕೊಟ್ಟವರ ಹೆಸರು, ಬರೆಸಿಕೊಂಡವರ ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಮೊಬಲಗು ಎಲ್ಲವನ್ನೂ ಬದಲಾಯಿಸಿದೆ. ಚಕ್ಕುಬಂದಿಯಲ್ಲಿ ಪೂರ್ವ, ಪಶ್ಚಿಮ ಬದಲಾಯಿಸಿ ದಕ್ಷಿಣಕ್ಕೆ ಬರುವ ಹೊತ್ತಿಗೆ ಯಾರೋ ಜೆರಾಕ್ಸಿಗೆ ಬಂದರು. ಅವರನ್ನು ಕಳುಹಿಸಿ ಬಂದು ದಕ್ಷಿಣವನ್ನು ತಿದ್ದಿ ಪ್ರಿಂಟು ಕೊಟ್ಟೆ. 'ಉತ್ತರಕ್ಕೆ: ಸರ್ಕಾರಿ ಓಣಿ' ಎಂಬುದು ಮೊದಲ ಪತ್ರದಿಂದ ಹಾಗೆಯೇ ಉಳಿದುಕೊಂಡಿತು.

ಆ ದಿನ ಅಪ್ಪ ಎಂದಿನಂತೆ ಓದಿ ಹೇಳಿದ್ದರೆ ಸಿಕ್ಕಿಬೀಳುತ್ತಿತ್ತು. ಆದರೆ ಮಧ್ಯಾಹ್ನದ ಹೊತ್ತು, ಕರೆಂಟು ಹೋಗಿ ಬಂದು ತಡವಾಗಿತ್ತು, ನೋಂದಣಿ ಕಚೇರಿಯ ಒಳಗಿನಿಂದ ಹೆಸರು ಕೂಗುತ್ತಿದ್ದರು. ಅಚ್ಚಾದ ಹಾಳೆಯೂ ಒಂದೂ ಕಾಟಿಲ್ಲದೆ ಸೊಗಸಾಗಿತ್ತು. ಕೈಬರಹವಾಗಿದ್ದರೆ ಅಷ್ಟು ಸುಲಭವಾಗಿ ನಂಬುತ್ತಿದ್ದರೋ ಇಲ್ಲವೋ ಹೇಳಲಾರೆ. ಹೆಸರುಗಳನ್ನೂ ಮೊಬಲಗನ್ನೂ ಮಾತ್ರ ಓದಿ ಹೇಳಿ ರುಜು ಹಾಕಿದರು. ಮೂರು ವರ್ಷದ ನಂತರ ಕೊಂಡವರು ಬೇಲಿ ಹಾಕಲು ಹೋದಾಗ ಉತ್ತರದ ಜಮೀನಿನವರು ತಡೆದರು. ಕಾಗದದ ಪ್ರಕಾರ ಅಲ್ಲಿ ಓಣಿ ಇರಬೇಕು, ನೆಲದ ಮೇಲೆ ಇದ್ದದ್ದು ಅವರ ರಾಗಿ ಹೊಲ. ಇಲ್ಲದ ದಾರಿಯೊಂದನ್ನು ನಾನು ಹುಟ್ಟಿಸಿದ್ದೆ, ಅದಕ್ಕಾಗಿ ಎರಡು ಮನೆಯವರು ಕುಡುಗೋಲು ಹಿಡಿಯುವವರೆಗೆ ಹೋಗಿದ್ದರು.

ತಿದ್ದುಪಡಿ ಪತ್ರ ಮಾಡಿಸಬೇಕಾಯಿತು. ಮಾರಿದವರು ಅಷ್ಟರಲ್ಲಿ ಬೆಂಗಳೂರಿಗೆ ಹೋಗಿ ಕೆ.ಆರ್.ಪುರದ ಕಡೆ ಗಾರೆ ಕೆಲಸದಲ್ಲಿದ್ದರು. ಅಪ್ಪ ತಾವೇ ಹೋಗಿ ಅವರನ್ನು ಹುಡುಕಿ ಕರೆತಂದರು, ಅವರ ಎರಡು ದಿನದ ಕೂಲಿಯನ್ನೂ ಖರ್ಚನ್ನೂ ತಾವೇ ಕೊಟ್ಟರು. ನಾನು ತಪ್ಪಿತಸ್ಥನಂತೆ ಕಂಪ್ಯೂಟರಿನ ಮುಂದೆ ಕೂತು ಕರಡು ತಯಾರು ಮಾಡಿದೆ. 'ಸದರಿ ಕ್ರಯಪತ್ರದ ಷೆಡ್ಯೂಲಿನಲ್ಲಿ ಉತ್ತರದ ಚಕ್ಕುಬಂದಿಯನ್ನು ಬೆರಳಚ್ಚಿನ ದೋಷದಿಂದ ಸರ್ಕಾರಿ ಓಣಿ ಎಂದು ನಮೂದಿಸಲ್ಪಟ್ಟಿದ್ದು' ಎಂದು ಬರೆದಿದ್ದೆ. ಎಲ್ಲರೂ ಹಾಗೆಯೇ ಬರೆಯುತ್ತಾರೆ. ಅಪ್ಪ ಅದನ್ನು ಎರಡು ಸಲ ಓದಿ, "ಇದನ್ನ ಕೈಯಲ್ಲೇ ಬರೀತೀನಿ, ಬಿಡು" ಎಂದರು. ಡೆಸ್ಕಿನ ಮುಂದೆ ಕೂತು, ಎಡಗೈಯಿಂದ ಬಲಮಣಿಕಟ್ಟನ್ನು ಒತ್ತಿ ಹಿಡಿದುಕೊಂಡು, ಒಂದೂವರೆ ಹಾಳೆಯ ಪತ್ರವನ್ನು ಮುಗಿಸಲು ಮಧ್ಯಾಹ್ನ ಪೂರ್ತಿ ತೆಗೆದುಕೊಂಡರು. ಒಮ್ಮೆ ದುಂಡಗೆ ಮುತ್ತಿನಂತೆ ಇಳಿಯುತ್ತಿದ್ದ ಅಕ್ಷರಗಳು ಗಾಳಿಗೆ ಸಿಕ್ಕ ದೀಪದಂತೆ ಅಲುಗಿದ್ದವು. ನನ್ನ ಕರಡಿನಲ್ಲಿ 'ಬೆರಳಚ್ಚಿನ ದೋಷದಿಂದ' ಎಂದಿದ್ದ ಕಡೆ ಅವರ ಪತ್ರದಲ್ಲಿ 'ಬರಹಗಾರನ ಕೈತಪ್ಪಿನಿಂದ' ಎಂದಿತ್ತು. ಟೈಪು ಮಾಡಿದವನು ನಾನು, ತಪ್ಪಿದ ಕೈ ಅವರದಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮಾರಿದವರ ಕಡೆ ತಿರುಗಿ, ಮೊದಲ ಸಾಲಿನಿಂದ ತೆಲುಗಿನಲ್ಲಿ ಓದಿ ಹೇಳತೊಡಗಿದ್ದರು.

ಮೊಬೈಲು ಮತ್ತು ಹೆಬ್ಬೆಟ್ಟು

ಈಗ ಅಪ್ಪನಿಗೆ ಎಂಬತ್ತು ದಾಟಿದೆ. ನನ್ನ ಮಗಳು ಅವರ ಮೊಬೈಲಿಗೆ ಬೆರಳಿನಿಂದ ಬರೆದರೆ ಅಚ್ಚಕ್ಷರವಾಗುವ ಸೌಲಭ್ಯ ಹಾಕಿಕೊಟ್ಟಿದ್ದಾಳೆ. ಅವರ ನಡುಗುವ ಬೆರಳಿನ ಗೀಚನ್ನು ಅದು ಎಷ್ಟು ಚೆನ್ನಾಗಿ ಓದುತ್ತದೆಂದರೆ, ನಾನು ಓದಲಾರದ್ದನ್ನೂ ಓದುತ್ತದೆ. 'ಕ್ರಯ' ಎಂದು ಬರೆದರು, ಕ್ರಯ ಎಂದು ಬಂತು. ಮಾತಾಡಿದರೆ ಬರೆದುಕೊಳ್ಳುತ್ತದೆ ಎಂದು ಅವಳು ತೋರಿಸಿದಾಗ ನಿಧಿ ನಿಕ್ಷೇಪವನ್ನು ಒಂದೇ ಉಸಿರಿಗೆ ಹೇಳಿದರು. ಅಕ್ಷೀಣಿಯ ಬಳಿ ಯಂತ್ರ ಎಡವಿ ಏನೋ ಬರೆಯಿತು, ಮನೆಯವರೆಲ್ಲ ನಕ್ಕರು, ಎಲ್ಲರಿಗಿಂತ ಜೋರಾಗಿ ಅಪ್ಪನೇ ನಕ್ಕರು. 2023ರಲ್ಲಿ ಬಂದ, ಪತ್ರ ನೋಂದಣಿಯ 'ಕಾವೇರಿ' ತಂತ್ರಾಂಶದ ಹೊಸ ವ್ಯವಸ್ಥೆಯಲ್ಲಿ ಜನ ಮನೆಯಲ್ಲೇ ಕೂತು ವಿವರ ತುಂಬಿ, ದಿನ ಗೊತ್ತುಮಾಡಿಕೊಂಡು, ಕಚೇರಿಗೆ ಬಂದು ಹೆಬ್ಬೆಟ್ಟು ಮಾತ್ರ ಕೊಟ್ಟು ಹೋಗಬಹುದೆಂದು ಹೇಳಿದೆ. ಒಳ್ಳೆಯದೇ ಆಯಿತೆಂದರು. ಹಿಂದೆ ನೋಂದಣಿಯಾದ ಪ್ರತಿ ಪತ್ರವನ್ನೂ ಕಚೇರಿಯ ಒಂದನೇ ಪುಸ್ತಕಕ್ಕೆ ಕೈಯಿಂದ ನಕಲು ಮಾಡಿಕೊಳ್ಳುತ್ತಿದ್ದ ಗುಮಾಸ್ತರ ಬೆನ್ನುನೋವನ್ನು ನೆನಪಿಸಿಕೊಂಡರು.

ಯಂತ್ರದಲ್ಲಿ ಬಿಕ್ಕಲಂ ಇಲ್ಲವೇ ಇಲ್ಲ ಎಂದರೆ ತಪ್ಪಾಗುತ್ತದೆ. ಭೂಮಿ ಕೇಂದ್ರದಲ್ಲಿ ಕೆಲಸ ಮಾಡುವವರು ಬೆರಳ ಗುರುತು ಕೊಟ್ಟೇ ಒಳಹೊಗಬೇಕು, ಯಾರು ಯಾವಾಗ ಏನು ಬದಲಾಯಿಸಿದರೆಂಬ ಲೆಕ್ಕ ಒಳಗೆಲ್ಲೋ ಇರುತ್ತದೆ. ಕೈಬರಹದ ಪಹಣಿಯಲ್ಲಿ ರಾತ್ರೋರಾತ್ರಿ ಇಂಕು ಬದಲಾಗುತ್ತಿದ್ದ ಕಥೆಗಳನ್ನು ಅಪ್ಪನೇ ಎಷ್ಟೋ ಹೇಳಿದ್ದಾರೆ. ಅದಕ್ಕೆ ಹೋಲಿಸಿದರೆ ಈ ಏರ್ಪಾಡು ನೂರು ಪಾಲು ಮೇಲು. ನನಗೆ ಕೊರೆಯುವುದು ಇಷ್ಟೇ: ಆ ಲೆಕ್ಕ ಯಂತ್ರಕ್ಕೆ ಗೊತ್ತು, ಜಮೀನಿನವನ ಕೈಗೆ ಬರುವ ಹಾಳೆಗೆ ಗೊತ್ತಿಲ್ಲ. ಮುದುಕಿಯ ಹುಣಸೆಮರ ಯಾವಾಗ, ಯಾವ ಪದವನ್ನು ತಳ್ಳಿ ಬಂದು ಕೂತಿತೆಂಬುದನ್ನು ಅವಳ ಮೊಮ್ಮಗ ಇಂದಿಗೂ ಆ ಪತ್ರ ಬಿಚ್ಚಿ ನೋಡಬಹುದು.

ಏಳು ತಿಂಗಳ ನಂತರ ತಾತನ ಪಹಣಿ ತಿದ್ದುಪಡಿಯಾಗಿ ಬಂತು. ಪ್ರಿಂಟು ತಂದು ಅಪ್ಪನ ಕೈಗೆ ಕೊಟ್ಟೆ. ಭೂತಗನ್ನಡಿ ಹಿಡಿದು ನೋಡಿದರು. ಮುನಿ ಮರಳಿ ಬಂದಿದ್ದ, ಕೊಂಬು ತನ್ನ ಜಾಗದಲ್ಲಿತ್ತು, ಒಮ್ಮೆ ಅದು ಇರಲಿಲ್ಲವೆಂಬುದಕ್ಕೆ ಆ ಸಾಲಿನಲ್ಲಿ ಯಾವ ಗುರುತೂ ಇರಲಿಲ್ಲ. ಹಾಳೆಯನ್ನು ಹಿಂದಕ್ಕೆ ತಿರುಗಿಸಿ ನೋಡಿದರು, ಅಲ್ಲಿ ಖಾಲಿ. ಪೆನ್ನು ಕೇಳಿದರು. ಮನೆಯಲ್ಲಿ ಇಂಕಿನ ಪೆನ್ನು ಎಲ್ಲಿಂದ ಬರಬೇಕು. ಮಗಳ ಜೆಲ್ ಪೆನ್ನು ಕೊಟ್ಟೆ. ಮಣಿಕಟ್ಟನ್ನು ಒತ್ತಿ ಹಿಡಿದುಕೊಂಡು ಕೆಳಗಿನ ಅಂಚಿನಲ್ಲಿ 'ಹೊಡೆದುಹಾಕಿದ್ದು ಇಲ್ಲ, ಸೇರಿಸಿದ್ದು ಕೊಂಬು ಒಂದು' ಎಂದು ಬರೆದು, ಹಾಳೆಯನ್ನು ನನ್ನ ಕಡೆ ತಳ್ಳಿದರು. "ಓಡಾಡಿದೋನು ನೀನು, ನೀನೇ ರುಜು ಹಾಕು" ಎಂದರು. ಹಾಕಿದೆ. ಅಂಚಿನಲ್ಲಿ ಬರೆದ ಪಹಣಿಯನ್ನು ಬ್ಯಾಂಕಿನವರು ಒಪ್ಪುವುದಿಲ್ಲವಾದ್ದರಿಂದ ಮಾರನೆಯ ದಿನ ಹೋಗಿ ಇನ್ನೊಂದು ಪ್ರತಿ ತೆಗೆಸಿಕೊಂಡು ಬಂದೆ.